ಹಸಿದವನ ಹೆಬ್ಬೆಟ್ಟು

ಒಬ್ಬನು ತನ್ನ ಬಾಯಿಂದ ಒಪ್ಪಿ ತನ್ನ ಕೈಯಿಂದ ಗುರುತು ಹಾಕಿದ ಮೇಲೆ ಆ ಮಾತು ಅವನನ್ನು ಕಟ್ಟುತ್ತದೆಂಬದು ಎಲ್ಲಾ ಜನರಲ್ಲಿಯೂ ನಡೆದು ಬಂದ ನ್ಯಾಯವಾಗಿದೆ. ಸಂತೆಯಲ್ಲಿ ಎತ್ತು ಕೊಂಡವನೂ ಹೊಲವನ್ನು ಪಾಲಿಗೆ ಮಾಡಿದವನೂ ಸಾಹುಕಾರನಲ್ಲಿ ಸಾಲ ಎತ್ತಿದವನೂ ಈ ನ್ಯಾಯಕ್ಕೆ ಒಳಪಟ್ಟವರೇ. ಹೀಗಿರಲಾಗಿ, ಮೂರು ದಿವಸದಿಂದ ಒಲೆ ಹೊತ್ತಿಸದ ಮನೆಯವನು ಒತ್ತಿದ ಹೆಬ್ಬೆಟ್ಟೂ ಹೊಟ್ಟೆ ತುಂಬಿದವನು ಒತ್ತಿದ ಹೆಬ್ಬೆಟ್ಟೂ ಒಂದೇ ತೂಕದವುಗಳೋ ಎಂದು ಯಾರಾದರೂ ಕೇಳಿದರೆ ನಾವು ಏನು ಉತ್ತರ ಕೊಡಬೇಕು? ಬರೀ ತರ್ಕಕ್ಕಾಗಿ ಈ ಪ್ರಶ್ನೆಯನ್ನು ಎತ್ತಲಿಲ್ಲ. ನೂರು ವರುಷಗಳಿಗೆ ಹಿಂದೆ ಮದರಾಸಿನ ಬಂದರದಿಂದ ಹೊರಟ ಆಗಬೋಟುಗಳಲ್ಲಿ ಈ ಪ್ರಶ್ನೆಯು ಮನುಷ್ಯರೂಪವಾಗಿ ತುಂಬಿತ್ತು. ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಅದು ಇನ್ನೂ ನಡೆದಾಡುತ್ತಿದೆ.

ಆ ಹಡಗುಗಳ ವಿಷಯದಲ್ಲಿ ಮೊದಲು ಒಂದು ಸಂಗತಿಯನ್ನು ಹೇಳುವೆನು. ಫಿಜಿ ದ್ವೀಪಗಳಿಗೂ ವೆಸ್ಟ್ ಇಂಡೀಸಿಗೂ ನಮ್ಮ ದೇಶದ ಕೂಲಿಯವರನ್ನು ಹೊತ್ತ ನೌರ್ಸ್ ಕಂಪನಿಯವರು ತಮ್ಮ ಆಗಬೋಟುಗಳಿಗೆ ಹಿಂದೂದೇಶದ ನದಿಗಳ ಹೆಸರನ್ನು ಇಟ್ಟಿದ್ದರು: ಇಂಡಸ್, ಗ್ಯಾಂಜೀಸ್, ಸಟ್ಲೆಜ್, ಚೆನಾಬ್. ಆಫ್ರಿಕಾ ಖಂಡದ ತೆಂಕಣ ತುದಿಯಲ್ಲಿರುವ ನೇಟಾಲ್ ಸೀಮೆಗೆ ಜನರನ್ನು ಸಾಗಿಸಿದ ಬುಲ್ಲರ್ಡ್ ಕಿಂಗ್ ಕಂಪನಿಯವರಾದರೋ ಆ ಸೀಮೆಯ ನದಿಗಳ ಹೆಸರನ್ನೇ ಇಟ್ಟರು: ಉಮ್ಲಾಜಿ, ಉಮ್ಜಿಂಟೊ, ಉಮ್ಕುಜಿ. ಹೀಗೆ ಒಬ್ಬನು ತನ್ನ ನದಿಯ ಹೆಸರನ್ನೇ ಏರಿ ತನ್ನ ನದಿಯನ್ನು ಬಿಟ್ಟು ಹೋದನು. ಮತ್ತೊಬ್ಬನು ತಾನೆಂದೂ ಕಾಣದ ನದಿಯ ಹೆಸರಿನೊಳಗೆ ಕಾಲಿಟ್ಟು ಹೋದನು. ನಮ್ಮ ಮುಳ್ಳಾಮಾರಿಯು ಕಾಗಿಣೆಯನ್ನೂ ಕಾಗಿಣೆಯು ಭೀಮೆಯನ್ನೂ ಭೀಮೆಯು ಕೃಷ್ಣೆಯನ್ನೂ ಕೂಡಿ ಕಡೆಗೆ ಅದೇ ಸಮುದ್ರಕ್ಕೆ ಹೋಗಿ ಬೀಳುತ್ತದಾದರೂ ಅದರ ಹೆಸರನ್ನು ಹಡಗಿಗೆ ಇಟ್ಟವರು ಯಾರೂ ಇಲ್ಲ.

ನೇಟಾಲಿಗೆ ನಮ್ಮ ದೇಶದ ಕೂಲಿಯವರನ್ನು ಹೊತ್ತ ಮೊದಲಿನ ಹಡಗು ಟ್ರೂರೋ ಎಂಬದು. ಅದು 1860ನೇ ಅಕ್ಟೋಬರದಲ್ಲಿ ಮದರಾಸಿನಿಂದ ಹೊರಟು ನವೆಂಬರ್ 16ರಲ್ಲಿ ಡರ್ಬನ್ ಬಂದರವನ್ನು ಸೇರಿತು. ಅದರಲ್ಲಿದ್ದ 342 ಮಂದಿಯಲ್ಲಿ ಕ್ರೈಸ್ತರೂ ಇದ್ದರೆಂಬದನ್ನು ನಮ್ಮ ಓದುಗರು ಗಮನಿಸಲಿ. ಅಂದಿನಿಂದ 1911ರ ವರೆಗೆ, ಮೊದಲು ಹಾಯಿಹಡಗುಗಳಲ್ಲಿಯೂ ಕಡೆಗೆ ಆಗಬೋಟುಗಳಲ್ಲಿಯೂ 1,52,184 ಮಂದಿ ಹೋದರು. ಇವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮದರಾಸಿನಿಂದ ಹಡಗು ಹತ್ತಿದವರು. ತಮಿಳರೂ ತೆಲುಗರೂ ಬಹಳ; ಮೈಸೂರು ಸೀಮೆಯಿಂದ ಹೋದ ಕನ್ನಡಿಗರು ಕೊಂಚ. ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಡಲ್ಪಟ್ಟಿತು. ಅವರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗಾಯದ ಗುರುತು, ಇವೆಲ್ಲಾ ದೊಡ್ಡ ಪುಸ್ತಕಗಳಲ್ಲಿ ಬರೆಯಲ್ಪಟ್ಟವು. ಆ ಪುಸ್ತಕಗಳು ಈಗಲೂ ಡರ್ಬನಿನಲ್ಲಿವೆ.

ಕರಾರಿನ ಷರತ್ತುಗಳು ಇವು. ಐದು ವರುಷ ಕೆಲಸ ಮಾಡಬೇಕು. ಮೊದಲನೆಯ ವರುಷ ತಿಂಗಳಿಗೆ 10 ಷಿಲಿಂಗು. ಮುಂದೆ ವರುಷಕ್ಕೊಂದು ಷಿಲಿಂಗಿನಂತೆ ಏರಿ ಐದನೆಯ ವರುಷ 14. ಹೆಂಗಸರಿಗೆ ಅದರರ್ಧ. ಅಕ್ಕಿ, ಬೇಳೆ, ಇರಲು ಗುಡಿಸಲು. ಹತ್ತು ವರುಷ ಅಲ್ಲಿದ್ದವನಿಗೆ ತಿರುಗಿ ಬರುವ ಹಡಗಿನ ಖರ್ಚು. ಈ ಅಗ್ರಿಮೆಂಟು ಎಂಬ ಮಾತು ಕೂಲಿಯವರ ನಾಲಿಗೆಯಲ್ಲಿ ಗಿರ್ಮಿಟ್ ಎಂದಾಯಿತು. ಅದಕ್ಕೆ ಒಳಗಾದವರು ಗಿರ್ಮಿಟಿಯರಾದರು. ಮತ್ತು ಇದೆಲ್ಲವೂ ಕಾನೂನಿನ ಮುಂದೆಯೇ ನಡೆಯಿತೆಂಬದನ್ನು ಮರೆಯಬಾರದು. ಹೋಗುವವನಿಗೆ ಷರತ್ತುಗಳು ತಿಳಿದವೋ, ಅವನು ಸ್ವಂತ ಇಷ್ಟದಿಂದ ಹೋಗುವನೋ ಎಂದು ಸರ್ಕಾರದ ಅಧಿಕಾರಿಯು ವಿಚಾರಿಸಬೇಕೆಂದು 1883ರ ಕಾನೂನು ವಿಧಿಸಿತ್ತು. ವಿಚಾರಿಸಿದರು. ಹೌದು ಎಂದರು. ಗುರುತು ಹಾಕಿದರು.

ಇದರ ಮೇಲೆ ತೀರ್ಪು ಹೇಳುವವರು ಎರಡು ಬಗೆ. ಒಂದು ಬಗೆಯವರು, ಅವನು ಒಪ್ಪಿದನು, ಒಪ್ಪಿದ ಮೇಲೆ ಕಷ್ಟವೆಂದು ಗೊಣಗುವದು ಮಾತಿಗೆ ತಪ್ಪುವದೇ ಎನ್ನುತ್ತಾರೆ. ತೋಟದ ದೊರೆಗಳು ಹೀಗೆಯೇ ಹೇಳುತ್ತಿದ್ದರು. ಇನ್ನೊಂದು ಬಗೆಯವರು, ಅದೆಲ್ಲಾ ಮೋಸ, ಒಬ್ಬನೂ ತಿಳಿದು ಹೋಗಲಿಲ್ಲ, ಎಲ್ಲರೂ ಕುರಿಗಳಂತೆ ಅಟ್ಟಲ್ಪಟ್ಟರು ಎನ್ನುತ್ತಾರೆ. ಈ ಎರಡನೆಯ ಮಾತು ಕೇಳುವದಕ್ಕೆ ಕರುಣೆಯುಳ್ಳದ್ದಾಗಿದ್ದರೂ ನನಗೆ ಪೂರಾ ಒಪ್ಪಿಗೆಯಲ್ಲ. ಯಾಕಂದರೆ ಹೋದವರನ್ನು ಬುದ್ಧಿಯಿಲ್ಲದವರನ್ನಾಗಿ ಮಾಡಿ ಅವರ ಮೇಲೆ ಕನಿಕರಪಡುವದು ಅವರಿಗೆ ಮಾನವಲ್ಲ. ಅವರೊಳಗೆ ತಿಳಿದೇ ಹೋದವರು ಇದ್ದರು. ಗಂಡ ಸತ್ತ ಮೇಲೆ ಅತ್ತೆಮನೆಯಲ್ಲಿ ತುತ್ತು ಕಾಣದ ಹೆಂಗಸು, ಅಜ್ಜನ ಸಾಲಕ್ಕೆ ಮೊಮ್ಮಗನಾಗಿ ಜೀತ ದುಡಿಯುತ್ತಿದ್ದವನು, ಕೆರೆಯ ನೀರು ಮುಟ್ಟಬಾರದವನು, ಇಂಥವರು ಸಮುದ್ರವನ್ನು ನೋಡಿ ಹೆದರಿದರೂ ಊರನ್ನು ನೆನಸಿ ಹಡಗು ಹತ್ತಿದರು.

ನಮ್ಮ ಸೀಮೆಯನ್ನೇ ನೋಡಿರಿ. ಅದು ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದಲ್ಲಿ ಭಗೇಲಾ ಎಂಬ ಜೀತಪದ್ಧತಿಯು ಎಷ್ಟು ಬೇರೂರಿತ್ತೆಂದರೆ 1936ರಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾಯಿದೆಯನ್ನು ಸರ್ಕಾರವು ಮಾಡಬೇಕಾಯಿತು. ಕಾಯಿದೆ ಬಂದ ಮೇಲೂ ಪದ್ಧತಿಯು ಹೋಗಲಿಲ್ಲ. ಭಗೇಲಾ ಆಳಿಗೆ ಐದು ವರುಷವೆಂಬ ಎಣಿಕೆಯೂ ಇರಲಿಲ್ಲ. 1871ರಲ್ಲಿ ಮುಂಬಯಿಯಿಂದ ಮದರಾಸಿಗೆ ರೈಲುದಾರಿಯು ಶಹಾಬಾದು, ವಾಡಿ, ರಾಯಚೂರುಗಳ ಮೇಲೆ ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮರ ಗಾಡಿಯು ಓಡಿತು. ಅದಾದ ಎರಡೇ ವರುಷಗಳಲ್ಲಿ ಧಾತು ಈಶ್ವರ ಸಂವತ್ಸರಗಳ ಬರವು ಬಂದು, ಮದರಾಸು ಮೈಸೂರು ಹೈದರಾಬಾದು ಸೀಮೆಗಳನ್ನೆಲ್ಲಾ ಸುಟ್ಟಿತು. ಧಾನ್ಯವನ್ನು ತರಬೇಕಾದ ರೈಲೇ ಹಸಿದವರನ್ನು ಬಂದರಕ್ಕೆ ಒಯ್ಯಲಿಕ್ಕೂ ಸುಲಭವಾಯಿತು. ಬರ ಹೆಚ್ಚಿದಾಗ ಕೂಲಿ ಸೇರಿಸುವವರ ಡಿಪೋಗಳು ತುಂಬುತ್ತಿದ್ದವು, ಮಳೆ ಬಂದಾಗ ಬರಿದಾಗುತ್ತಿದ್ದವು. ಒಪ್ಪಿಗೆ ಎಂಬದು ಮಳೆಯ ಅಳತೆಯಿಂದ ಏರಿಳಿಯುವದಾದರೆ ಅದು ಎಂಥ ಒಪ್ಪಿಗೆ?

ಹಾಗಾದರೆ ಹಸಿದವನು ಕೊಟ್ಟ ಮಾತೆಲ್ಲವೂ ಹುಸಿಯೇ? ಹಾಗೆ ಹೇಳಿದರೆ ಬಡವನು ಯಾವ ಮಾತನ್ನೂ ಕೊಡಲಾರದವನಾಗುವನು. ಅವನ ಮಾತಿಗೆ ಬೆಲೆಯೇ ಇಲ್ಲವೆಂದಾಗುವದು. ಅದು ಅವನಿಗೆ ಎರಡನೆಯ ಅನ್ಯಾಯ. ನಮ್ಮಲ್ಲಿ ಹಸಿವಿನಿಂದ ಕೆಲಸಕ್ಕೆ ಹೋಗದವರು ಯಾರಿದ್ದಾರೆ? ಆದದರಿಂದ ಒಪ್ಪಿಗೆ ಕೊಡುವ ಹೊತ್ತಿನಲ್ಲಿ ಹೊಟ್ಟೆ ತುಂಬಿತ್ತೋ ಬರಿದಾಗಿತ್ತೋ ಎಂಬದರಿಂದ ಮಾತ್ರ ಅದನ್ನು ತೂಗಲಾಗದು. ನನಗೆ ತೋರುವದೇನಂದರೆ, ಒಳಗೆ ಹೋದ ಬಾಗಿಲನ್ನಲ್ಲ, ಹೊರಗೆ ಬರುವ ಬಾಗಿಲನ್ನು ನೋಡಬೇಕು.

ಹೇಗಂದರೆ: ಇಬ್ಬರು ಸ್ವತಂತ್ರರು ಕರಾರು ಮಾಡಿಕೊಂಡು ಅವರಲ್ಲಿ ಒಬ್ಬನು ತಪ್ಪಿದರೆ ನಷ್ಟವನ್ನು ತುಂಬಿಕೊಡುತ್ತಾನೆ. ಎತ್ತಿನ ವ್ಯಾಪಾರ ಮುರಿದರೆ ಸಂಚಕಾರ ಹೋಯಿತು, ಅಷ್ಟೇ. ಯಾರೂ ಸೆರೆಮನೆಗೆ ಹೋಗುವದಿಲ್ಲ. ನೇಟಾಲಿನಲ್ಲಿ ಹಾಗಿರಲಿಲ್ಲ. ಕೆಲಸಕ್ಕೆ ಬಾರದೆ ನಿಂತವನಿಗೂ ಚೀಟಿಯಿಲ್ಲದೆ ತೋಟದ ಎಲ್ಲೆಯನ್ನು ದಾಟಿದವನಿಗೂ ಶಿಕ್ಷೆಯುಂಟು, ಜೈಲುಂಟು. ಹೊಡೆದ ದೊರೆಯ ಮೇಲೆ ದೂರು ಕೊಡಬೇಕಾದರೆ ತೋಟವನ್ನು ಬಿಟ್ಟು ಹೋಗಬೇಕು. ಬಿಟ್ಟು ಹೋದರೆ ಅದೇ ಅಪರಾಧ. 1894ರಲ್ಲಿ ಬಾಲಸುಂದರಂ ಎಂಬ ಗಿರ್ಮಿಟಿಯನು ದೊರೆಯಿಂದ ಹಲ್ಲು ಮುರಿಯುವಂತೆ ಹೊಡಿಸಿಕೊಂಡು, ಆಗ ಡರ್ಬನಿನಲ್ಲಿ ವಕೀಲರಾಗಿದ್ದ ಗಾಂಧಿಯವರ ಬಳಿಗೆ ಬಂದನು. ಬಹಳ ಪ್ರಯಾಸದಿಂದ ಅವನನ್ನು ಬೇರೆ ದೊರೆಗೆ ವರ್ಗ ಮಾಡಿಸುವದಾಯಿತು. ಗಮನಿಸಿರಿ, ಬಿಡುಗಡೆಯಲ್ಲ, ವರ್ಗ.

ಅದಕ್ಕಿಂತ ಕೆಟ್ಟದ್ದು ಮುಂದೆ ಬಂತು. ಮಾತಿಗೆ ತಪ್ಪಬಾರದೆಂದು ಹೇಳಿದ ದೊರೆಗಳು, ಮಾತನ್ನು ಪೂರಾ ನಡಿಸಿದವನಿಗೆ ಏನು ಮಾಡಿದರು? 1895ರಲ್ಲಿ ಒಂದು ಕಾನೂನು ಮಾಡಿ, ಇನ್ನು ಮೇಲೆ ಬರುವವರಲ್ಲಿ ಐದು ವರುಷ ತೀರಿಸಿದವನು ಮತ್ತೆ ಗಿರ್ಮಿಟಿಗೆ ಒಳಗಾಗಬೇಕು, ಇಲ್ಲವೆ ಊರಿಗೆ ಹೋಗಬೇಕು, ಎರಡೂ ಮಾಡದೆ ಸ್ವತಂತ್ರನಾಗಿ ಅಲ್ಲಿಯೇ ಬಾಳಿದರೆ ವರುಷಕ್ಕೆ 3 ಪೌಂಡು ತೆರಿಗೆ ಕೊಡಬೇಕು ಎಂದು ಗೊತ್ತು ಮಾಡಿದರು. ಮೂರು ಪೌಂಡು ಅಂದರೆ 60 ಷಿಲಿಂಗು. ಮೊದಲನೆಯ ವರುಷದ ಸಂಬಳದಲ್ಲಿ ಆರು ತಿಂಗಳ ದುಡಿಮೆ. 1903ರಲ್ಲಿ ಇದನ್ನು ಅವರ ಮಕ್ಕಳ ಮೇಲೆಯೂ ಹೊರಿಸಿದರು: ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 13 ವರುಷ ತುಂಬಿದರೆ ಸಾಕು. ಆ ಹುಡುಗಿಯು ಯಾವ ಕಾಗದಕ್ಕೆ ಗುರುತು ಹಾಕಿದ್ದಳು? 1913ರಲ್ಲಿ ಗಣಿ ತೋಟಗಳ ಸಾವಿರಾರು ಕೂಲಿಯವರು ಕೆಲಸ ನಿಲ್ಲಿಸಿ ನಡೆದು ಹೊರಟು, ಪೆಟ್ಟು ತಿಂದು, ಸೆರೆಮನೆಗಳನ್ನು ತುಂಬಿದ ಮೇಲೆಯೇ 1914ರಲ್ಲಿ ಆ ತೆರಿಗೆಯು ರದ್ದಾಯಿತು. ಅಷ್ಟರೊಳಗೆ ಹಿಂದೂದೇಶದ ಸರ್ಕಾರವು ನೇಟಾಲಿಗೆ ಕೂಲಿಯವರನ್ನು ಕಳುಹಿಸುವದನ್ನು 1911ನೇ ಜುಲೈ 1ರಿಂದ ನಿಲ್ಲಿಸಿತ್ತು. ಅದೇ ತಿಂಗಳಲ್ಲಿ ಉಮ್ಲಾಜಿ ಆಗಬೋಟು ಕಡೇ ಗುಂಪನ್ನು ಡರ್ಬನಿನಲ್ಲಿ ಇಳಿಸಿತು.

ಇನ್ನೊಂದು ಹೋಲಿಕೆಯನ್ನು ಕೊಡುವೆನು. 1903ರಲ್ಲಿ ನೆಲ್ಲೂರಿನ ತೆಲುಗು ಬ್ಯಾಪ್ಟಿಸ್ಟ್ ಸಭೆಯವರು ತಮ್ಮ ಕಾಸುಗಳನ್ನೇ ಕೂಡಿಸಿ ಜಾನ್ ರಂಗಯ್ಯ ಎಂಬ ಬೋಧಕರನ್ನು ನೇಟಾಲಿನ ತೆಲುಗು ಕೂಲಿಯವರ ಬಳಿಗೆ ಕಳುಹಿಸಿದರು. ಕೀರ್ಸ್ನಿ ಎಂಬ ಚಹಾ ತೋಟದಲ್ಲಿ ಅವರು ಅದೇ ವರುಷ ಒಂದು ಸಭೆಯನ್ನು ಸ್ಥಾಪಿಸಿ 1915ರಲ್ಲಿ ತೀರಿಕೊಳ್ಳುವ ವರೆಗೆ ಆ ಸೀಮೆಯಲ್ಲಿ ದುಡಿದರು. ಇವರು ದಾಟಿದ ಸಮುದ್ರವೂ ಕೂಲಿಯವನು ದಾಟಿದ ಸಮುದ್ರವೂ ಒಂದೇ. ಇವರಿಗೂ ಕಷ್ಟ ಉಂಟು, ಅನ್ಯದೇಶ ಉಂಟು. ಆದರೂ ಇವರದು ಸ್ವತಂತ್ರನ ಪ್ರಯಾಣವೆಂದು ನಾವು ಸಂದೇಹವಿಲ್ಲದೆ ಹೇಳುವೆವು. ಯಾಕೆ? ಎಲ್ಲಿಗೆ ಹೋಗುವರೆಂದು ಇವರಿಗೆ ಗೊತ್ತಿತ್ತು. ಬೇಡವೆಂದರೆ ತಿರುಗಿ ಬರಬಹುದಾಗಿತ್ತು. ಮತ್ತು ಒಂದು ತಿಂಗಳು ಕಾಗದ ಬಾರದಿದ್ದರೆ, ನಮ್ಮವನು ಏನಾದನೆಂದು ಕೇಳುವ ಒಂದು ಸಭೆಯು ಹಿಂದೆ ಇತ್ತು. ಈ ಮೂರನೆಯದನ್ನು ಕಾನೂನು ಮಾಡುವವರು ಸಾಮಾನ್ಯವಾಗಿ ಎಣಿಸುವದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಕೂಲಿಯವನಿಗೆ ಕೇಳುವವರಿದ್ದರು ನಿಜ, ಆದರೆ ಕೇಳುವವರೆಲ್ಲರಿಗೂ ಅವನಿಂದ ಲಾಭವಿತ್ತು. ಸೇರಿಸುವವನಿಗೆ ತಲೆಗೆ ಇಷ್ಟೆಂದು ಹಣ. ಈ ವ್ಯಾಪಾರದಲ್ಲಿ ಹಡಗಿನ ವೈದ್ಯನಿಗೂ ಜೀವಂತ ಇಳಿದ ತಲೆಗೆ ಇಷ್ಟೆಂದು ಹಣ ಸಿಕ್ಕುವದುಂಟು. ಅದು ವೈದ್ಯನನ್ನು ಜಾಗ್ರತೆಯುಳ್ಳವನನ್ನಾಗಿ ಮಾಡಿತೆಂದು ಕೆಲವರು ಹೊಗಳುತ್ತಾರೆ. ಇರಬಹುದು, ಕುರಿ ಕಾಯುವವನೂ ತೂಕ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾನೆ.

ಹಡಗಿನ ಒಳಗೆ ಮಾತ್ರ ಒಂದು ಒಳ್ಳೇದು ಹುಟ್ಟಿತು. ಊರಿನಲ್ಲಿ ಒಬ್ಬರ ನೆರಳನ್ನು ಒಬ್ಬರು ತುಳಿಯದವರು ಒಂದೇ ಹಲಗೆಯ ಮೇಲೆ ಮಲಗಿ, ಒಂದೇ ಕೊಪ್ಪರಿಗೆಯ ಅನ್ನವನ್ನು ಉಂಡು, ಒಟ್ಟಿಗೆ ವಾಂತಿ ಮಾಡಿಕೊಂಡರು. ಅಂಥವರು ತಮ್ಮನ್ನು ಜಹಾಜಿ ಭಾಯಿ, ಅಂದರೆ ಹಡಗಿನ ಅಣ್ಣತಮ್ಮಂದಿರು, ಎಂದು ಕರೆದುಕೊಂಡರು. ಅನೇಕ ಕಡೆಗಳಲ್ಲಿ ಜಹಾಜಿ ಭಾಯಿಯ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವದು ಸ್ವಂತ ಅಣ್ಣನ ಮಗಳನ್ನು ತಂದಂತೆ ದೋಷವೆಂದು ಎಣಿಸಲ್ಪಟ್ಟಿತು. ನಾವು ನೂರಾರು ಪ್ರಸಂಗಗಳಿಂದ ಮಾಡಲಾರದ್ದನ್ನು ಮೂರು ವಾರದ ಸಮುದ್ರವು ಮಾಡಿತು.

ಇಲ್ಲಿ ಒಂದು ಆಕ್ಷೇಪವನ್ನು ಬಿಡಿಸಬೇಕಾಗಿದೆ. ಆ ಗಿರ್ಮಿಟಿಯರ ಮೊಮ್ಮಕ್ಕಳು ಈಗ ವೈದ್ಯರೂ ಉಪಾಧ್ಯಾಯರೂ ನ್ಯಾಯಾಧೀಶರೂ ಆಗಿದ್ದಾರಲ್ಲಾ, ಅವರ ಅಜ್ಜ ಊರಲ್ಲಿಯೇ ಇದ್ದಿದ್ದರೆ ಅವರು ಏನಾಗುತ್ತಿದ್ದರು, ಆದದರಿಂದ ಎಲ್ಲವೂ ಒಳ್ಳೇದಕ್ಕೇ ಆಯಿತು ಎಂದು ಹೇಳುವವರಿದ್ದಾರೆ. ಫಿಜಿ ದೇಶದವರು 2023ರಿಂದ ಗಿರ್ಮಿಟ್ ದಿನವನ್ನು ರಜಾದಿನವನ್ನಾಗಿ ಮಾಡಿ ಪೂರ್ವಿಕರನ್ನು ನೆನಸುತ್ತಾರೆ, ಅದು ಯೋಗ್ಯವೇ. ಆದರೆ ಫಲವು ಒಳ್ಳೇದಾದ್ದರಿಂದ ಬಿತ್ತಿದವನ ಕೈ ಶುದ್ಧವಾಗುವದೋ? ಯೋಸೇಫನ ಕಥೆ ನಮಗೆಲ್ಲಾ ಗೊತ್ತು. ಅವನು ಐಗುಪ್ತದಲ್ಲಿ ದೊಡ್ಡವನಾಗಿ ಬರಗಾಲದಲ್ಲಿ ಅನೇಕರನ್ನು ಉಳಿಸಿದ್ದು ನಿಜ. ಅದರಿಂದ ಅವನನ್ನು ಮಾರಿದ ಅಣ್ಣಂದಿರು ಪಡೆದ ಬೆಳ್ಳಿಯು ನ್ಯಾಯದ ಹಣವಾಗಲಿಲ್ಲ. ಮೊಮ್ಮಕ್ಕಳ ಏಳಿಗೆಯು ಅಜ್ಜನ ಬೆವರಿನ ಫಲವಾಗಿದೆ. ಅದನ್ನು ದೊರೆಯ ಲೆಕ್ಕಕ್ಕೆ ಬರೆಯುವದು ಎರಡನೆಯ ಸಾರಿ ಅಜ್ಜನ ಸಂಬಳ ಹಿಡಿದಂತೆ.

ದೊರೆಯ ಮೇಲೆಯೇ ಎಲ್ಲಾ ಹೊರಿಸಿ ನಾವು ಕೈ ತೊಳೆದುಕೊಳ್ಳುವಹಾಗೂ ಇಲ್ಲ. ತಿರುಗಿ ಬಂದವರಿಗೆ ಊರು ಏನು ಮಾಡಿತು? 1921ರ ಸುಮಾರಿಗೆ ಫಿಜಿಯಿಂದಲೂ ವೆಸ್ಟ್ ಇಂಡೀಸಿನಿಂದಲೂ ತಿರುಗಿ ಬಂದ ನೂರಾರು ಮಂದಿ ಕಲ್ಕತ್ತೆಯ ಮಟಿಯಾಬ್ರುಜ್ ಎಂಬ ಕೇರಿಯಲ್ಲಿ ಗುಂಪುಗುಂಪಾಗಿ ಬಿದ್ದಿದ್ದರು. ತಮ್ಮ ಹಳ್ಳಿಗಳಿಗೆ ಹೋದರೆ, ನೀವು ಸಮುದ್ರ ದಾಟಿದವರು, ಯಾರ ಯಾರ ಕೂಡ ಉಂಡವರು, ನಿಮ್ಮ ಹೆಂಡಿರು ಯಾವ ಕುಲ ಎಂದು ಬಾಗಿಲು ಮುಚ್ಚಲ್ಪಟ್ಟಿತು. ಕೂಡಿಟ್ಟ ಹಣವನ್ನು ದಂಡವಾಗಿ ಕಿತ್ತುಕೊಂಡು ಆಮೇಲೆ ಹೊರಗೆ ಹಾಕಿದವರೂ ಇದ್ದರು. ಕಡೆಗೆ ಆ ಜನರು, ನಮ್ಮನ್ನು ಅದೇ ದ್ವೀಪಗಳಿಗೆ ತಿರುಗಿ ಕಳುಹಿಸಿರೆಂದು ಸರ್ಕಾರಕ್ಕೆ ಮೊರೆಯಿಟ್ಟರು. ಹೊರಗೆ ಬರುವ ಬಾಗಿಲನ್ನು ನೋಡಬೇಕೆಂದು ಮೇಲೆ ಹೇಳಿದೆನಷ್ಟೆ. ತೋಟದ ಬಾಗಿಲನ್ನು ದೊರೆಯು ಮುಚ್ಚಿದ್ದನು. ಊರಿನ ಬಾಗಿಲನ್ನು ಮುಚ್ಚಿದವರು ಉಳಿದಿದ್ದ ಅಣ್ಣತಮ್ಮಂದಿರು. ಎರಡೂ ಮುಚ್ಚಿದ ಮೇಲೆ, ನೀನೇ ಒಪ್ಪಿದೆಯಲ್ಲಾ ಎಂದು ಅವನಿಗೆ ಹೇಳುವ ಹಕ್ಕು ಯಾರಿಗಿದೆ?

ಈಗ ನಮ್ಮ ಮನೆಯ ಮುಂದೆ ಬರೋಣ. ತೊಗರಿ ರಾಶಿ ಮುಗಿದು ಹೊಲ ಬಿಸಿಲಿಗೆ ಬಿದ್ದ ಮೇಲೆ ಚಿಮ್ಮನಚೋಡದ ಸುತ್ತಲಿನ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವದನ್ನು ನಾವೆಲ್ಲರೂ ಕಂಡವರು. ಗುಳೆ ಹೋಗುವದು ಪಾಪವಲ್ಲ. ಹೊಟ್ಟೆಗಾಗಿ ಹೋಗುವವರನ್ನು ತಡೆದು, ಊರಲ್ಲೇ ಇರ್ರಿ ಎಂದು ಉಪದೇಶ ಮಾಡುವವನು ಮೊದಲು ಅವರ ಗಡಿಗೆಯೊಳಗೆ ಜೋಳ ಹಾಕಲಿ. ನನ್ನ ಮಾತು ಮುಂಗಡದ ವಿಷಯವಾಗಿದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮುಂಗಡ ತೆಗೆದುಕೊಂಡವನು ಅದು ತೀರುವ ತನಕ ಕೆಲಸದ ಸ್ಥಳವನ್ನು ಬಿಡಕೂಡದು, ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕಿದರೂ ಹೋಗಕೂಡದು ಎಂದಾದರೆ ಅದು ಜೀತವೇ ಎಂದು 1976ರ ಜೀತ ನಿರ್ಮೂಲನ ಕಾಯಿದೆಯು ಸ್ಪಷ್ಟವಾಗಿ ಹೇಳುತ್ತದೆ. ಅಂಥ ಸಾಲವನ್ನು ತೀರಿಸುವ ಹೊಣೆಯೇ ಕಾನೂನಿನ ಮುಂದೆ ನಿಲ್ಲದು. ಇದನ್ನು ನಮ್ಮ ಸಭೆಗಳಲ್ಲಿ ಎಷ್ಟು ಮಂದಿಗೆ ತಿಳಿಸಲಾಗಿದೆ?

ಮತ್ತು ಮುಂಗಡ ಹಂಚುವ ಮುಕಾದಮನು ಯಾವಾಗಲೂ ಹೊರಗಿನವನೆಂದು ಎಣಿಸಬೇಡಿರಿ. ನೇಟಾಲಿನ ತೋಟದಲ್ಲಿ ಚಾವಟಿ ಹಿಡಿದ ಸರದಾರನೂ ಮದರಾಸಿನಿಂದಲೇ ಹಡಗು ಹತ್ತಿ ಹೋದವನಾಗಿದ್ದನು. ನಮ್ಮೊಳಗಿನವನೇ, ಆದಿತ್ಯವಾರ ನಮ್ಮ ಪಕ್ಕದಲ್ಲಿ ಚಾಪೆಯ ಮೇಲೆ ಕೂಡ್ರುವವನೇ, ತಲೆಗೆ ಇಷ್ಟೆಂದು ಎಣಿಸಿಕೊಳ್ಳುವವನಾಗಿರಬಹುದು. ಅವನಿಗೆ ನಾಚಿಕೆಪಡಿಸುವದಕ್ಕಾಗಿ ಇದನ್ನು ಬರೆಯಲಿಲ್ಲ. ಅವನೂ ಮೇಲಿನವನಿಂದ ಮುಂಗಡ ತಂದವನೇ. ಆದರೂ ಕರೆದೊಯ್ಯುವ ಸ್ಥಳ, ಕೆಲಸ, ಕೂಲಿ, ದಾರಿಯ ಖರ್ಚು ಇವುಗಳನ್ನು ಅವನು ತಿಳಿದಿದ್ದಾನೆ, ಹೋಗುವವನು ತಿಳಿದಿಲ್ಲ. ತಿಳಿದವನು ತಿಳಿಯದವನ ಮಾತನ್ನು ಹಿಡಿದು ಕಟ್ಟಬಾರದು.

ಡರ್ಬನಿನ ಆ ಪುಸ್ತಕಗಳಿಂದ ಅಜ್ಜನ ನಂಬರನ್ನು ಹುಡುಕಿ, ಊರಿನ ಹೆಸರನ್ನು ಬರೆದುಕೊಂಡು, ಅದು ಎಲ್ಲಿದೆಯೆಂದು ಕೇಳುತ್ತಾ ನಮ್ಮ ದೇಶಕ್ಕೆ ಬರುವವರು ಈಗಲೂ ಇದ್ದಾರೆ. ಗುಮಾಸ್ತನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಊರು ಕೆಲವರಿಗೆ ಸಿಕ್ಕುತ್ತದೆ, ಕೆಲವರಿಗೆ ಸಿಕ್ಕುವದಿಲ್ಲ. ಆದರೂ ಬರೆದಿದ್ದನು. ಲಾಭಕ್ಕಾಗಿ ಮನುಷ್ಯರನ್ನು ಸಾಗಿಸಿದವರು ತಂದೆಯ ಹೆಸರನ್ನೂ ಮೈಮೇಲಿನ ಮಚ್ಚೆಯನ್ನೂ ಬರೆದಿಟ್ಟರು. ಪ್ರೀತಿಯಿಂದ ಕೂಡಿದ್ದೇವೆನ್ನುವ ನಾವು, ನಮ್ಮ ಸಭೆಯಿಂದ ಕಳೆದ ವರುಷ ಎಷ್ಟು ಮಂದಿ ಹೋದರು, ಯಾರ ಕೂಡ ಹೋದರು ಎಂದು ಕೇಳಿದರೆ ಬೆರಳು ಮಡಚಿ ಎಣಿಸತೊಡಗುತ್ತೇವೆ. ದೀಕ್ಷಾಸ್ನಾನಕ್ಕೂ ಮದುವೆಗೂ ಮರಣಕ್ಕೂ ನಮ್ಮಲ್ಲಿ ರಿಜಿಸ್ಟರುಗಳಿವೆ. ಅವುಗಳ ಪಕ್ಕದಲ್ಲಿ ಇನ್ನೊಂದನ್ನು ಇಡಲಿಕ್ಕೆ ಬೇಕಾಗುವದು ಒಂದು ನೋಟುಪುಸ್ತಕ, ಒಂದು ಲೇಖನಿ: ಹೋದವರ ಹೆಸರು, ಮಕ್ಕಳೆಷ್ಟು, ಹೋದ ತಾರೀಕು, ಊರು, ಮುಕಾದಮನ ಹೆಸರು, ಅವನ ಫೋನು, ತೆಗೆದುಕೊಂಡ ಮುಂಗಡವೆಷ್ಟು, ಕಡೇ ಸಾರಿ ಮಾತಾಡಿದ್ದು ಯಾವಾಗ. ಈ ಕಡೇ ಅಂಕಣವನ್ನು ತಿಂಗಳಿಗೊಮ್ಮೆ ತುಂಬುವ ಕೆಲಸವನ್ನು ಓದುಬರಹ ಬಲ್ಲ ಯೌವನಸ್ಥರಲ್ಲಿ ಒಬ್ಬರಿಗೆ ಒಪ್ಪಿಸಬಹುದು. ರಾಶಿಯ ಕಾಲವು ಹತ್ತಿರ ಬಂತು.